ನಗು ಕಡಿಮೆಯಾದ ಮನೆಗೆ ಅದನ್ನು ಮತ್ತೆ ಕರೆತರುವುದು ಹೇಗೆ?

ಮಲೆನಾಡಿನ ಒಂಟಿಮನೆಗಳಲ್ಲಿ ಈಗ ಹೆಚ್ಚಾಗಿ ಇಬ್ಬರೇ ಇರುತ್ತಾರೆ. ಅಪ್ಪ, ಅಮ್ಮ. ಮಕ್ಕಳು ಬೆಂಗಳೂರಿನಲ್ಲಿ. ಪಕ್ಕದ ಮನೆ ಅಂದರೆ ತೋಟ ದಾಟಿ, ಹಳ್ಳ ದಾಟಿ, ದರೆ ಹತ್ತಿ ಹೋಗಬೇಕು. ಜೂನ್‌ನಲ್ಲಿ ಮಳೆ ಹಿಡಿಯಿತು ಅಂದರೆ ಪೇಟೆಗೆ ಹೋಗುವುದೂ ಕಡಿಮೆ, ಮನೆಗೆ ಬರುವವರೂ ಕಡಿಮೆ. ಬೆಳಗಿನಿಂದ ರಾತ್ರಿಯವರೆಗೆ ಒಂದು ಸಲವೂ ಜೋರಾಗಿ ನಗದೆ ದಿನ ಕಳೆದುಹೋಗುತ್ತದೆ, ಅದು ಯಾರ ಗಮನಕ್ಕೂ ಬರುವುದಿಲ್ಲ. ಶಿವಮೊಗ್ಗ ಪೇಟೆಯ ಮನೆಗಳೂ ಬಹಳ ಬೇರೆಯಾಗೇನಿಲ್ಲ. ಅಲ್ಲಿ ನಾಲ್ಕು ಜನ ಇದ್ದರೂ ನಾಲ್ಕು ಕೋಣೆ, ನಾಲ್ಕು ಫೋನು.

ಕೇಳಿದರೆ "ವಯಸ್ಸಾಯ್ತಲ್ಲ" ಅನ್ನುತ್ತಾರೆ. ಇಲ್ಲವೇ "ನಮ್ಮ ಮನೆಯವರ ಸ್ವಭಾವವೇ ಹಾಗೆ, ಜಾಸ್ತಿ ನಗುವವರಲ್ಲ" ಅನ್ನುತ್ತಾರೆ. ನಾನು ಇದನ್ನು ಒಪ್ಪುವುದಿಲ್ಲ. ಅದೇ ಮನೆಯವರನ್ನು ಒಂದು ಮದುವೆ ಮನೆಯ ಅಡುಗೆ ಕೊಟ್ಟಿಗೆಯಲ್ಲಿ ತರಕಾರಿ ಹೆಚ್ಚಲು ಕೂರಿಸಿ ನೋಡಿ, ಅರ್ಧ ಗಂಟೆಯಲ್ಲಿ ಹೊಟ್ಟೆ ಹಿಡಿದುಕೊಂಡು ನಗುತ್ತಿರುತ್ತಾರೆ. ಸ್ವಭಾವ ಬದಲಾಗಲಿಲ್ಲ, ಸುತ್ತ ಜನ ಬಂದರು ಅಷ್ಟೇ.

ಅಮೆರಿಕದ ರಾಬರ್ಟ್ ಪ್ರೊವೈನ್ ಅನ್ನುವ ವಿಜ್ಞಾನಿ ವರ್ಷಗಟ್ಟಲೆ ನಗುವಿನ ಬಗ್ಗೆಯೇ ಕೆಲಸ ಮಾಡಿದವರು. ವಿದ್ಯಾರ್ಥಿಗಳಿಗೆ ನಗುವಿನ ದಿನಚರಿ ಬರೆಯಲು ಹೇಳಿ ನೋಡಿದಾಗ, ಟಿವಿ ಪುಸ್ತಕ ಏನೂ ಇಲ್ಲದೆ ಒಬ್ಬರೇ ಇರುವಾಗ ನಗುವುದಕ್ಕಿಂತ ಜೊತೆಯಲ್ಲಿ ಜನ ಇರುವಾಗ ನಗುವುದು ಸುಮಾರು 30 ಪಟ್ಟು ಜಾಸ್ತಿ ಎಂದು ಅವರಿಗೆ ಕಂಡಿತು. ಹಾಗಾಗಿ ಈ ಲೇಖನದಲ್ಲಿ ಜೋಕು ಹೇಳುವುದು ಹೇಗೆ ಅನ್ನುವುದು ಇಲ್ಲ. ಜನ ಒಂದು ಕಡೆ ಸೇರುವುದು ಹೇಗೆ, ಸೇರಿದ ಮೇಲೆ ನಗು ಬರುವಂತೆ ಜಾಗ ಬಿಡುವುದು ಹೇಗೆ, ಬಂದ ನಗು ಯಾರನ್ನೂ ನೋಯಿಸದಂತೆ ನೋಡಿಕೊಳ್ಳುವುದು ಹೇಗೆ, ಅದಷ್ಟೇ ಇದೆ.

ಮೊದಲ ಹೆಜ್ಜೆ: ಒಂದು ವಾರ ಸುಮ್ನೆ ಗಮನಿಸಿ

ಏನನ್ನೂ ಬದಲಿಸಲು ಹೋಗಬೇಡಿ. ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರ್ ಇದೆಯಲ್ಲ, ಅದರ ಮೇಲೇ ಬರೆದುಕೊಳ್ಳಿ. ಇವತ್ತು ಯಾರ ಜೊತೆ ನಕ್ಕಿರಿ? ಎಲ್ಲಿ? ನಗುವುದಕ್ಕೆ ಸ್ವಲ್ಪ ಮೊದಲು ಯಾರು ಏನು ಹೇಳಿದ್ದರು?

ಈ ಮೂರನೆಯ ಪ್ರಶ್ನೆ ಮುಖ್ಯ. ವಾರದ ಕೊನೆಗೆ ಓದಿ ನೋಡಿದರೆ ಅದರಲ್ಲಿ ತಮಾಷೆಯ ಮಾತು ಬಹಳ ಕಡಿಮೆ ಇರುತ್ತದೆ. "ಹೌದಾ, ಮತ್ತೆ ಬಂದ್ನಾ ಅವ್ನು?", "ಸರಿ ಹಾಗಾದ್ರೆ, ನಾನು ಹೊರಟೆ", "ಅಯ್ಯೋ, ಕೊಡೆ ಅಲ್ಲೇ ಬಿಟ್ಟು ಬಂದೆ". ಇಂಥವೇ ಮಾತುಗಳು. ಪ್ರೊವೈನ್ ಮತ್ತು ಅವರ ತಂಡ ಅಂಗಡಿ ಸಾಲುಗಳಲ್ಲಿ, ರಸ್ತೆ ಬದಿಯಲ್ಲಿ ಜನರ ನಗುವಿನ 1,200 ಪ್ರಸಂಗಗಳನ್ನು ಗುಟ್ಟಾಗಿ ಬರೆದುಕೊಂಡಿದ್ದರು. ಅವುಗಳಲ್ಲಿ ನಿಜಕ್ಕೂ ತಮಾಷೆ ಅನ್ನಬಹುದಾದ ಮಾತಿಗೆ ಬಂದ ನಗು ನೂರಕ್ಕೆ 10ರಿಂದ 20ರಷ್ಟು ಮಾತ್ರ. ಇನ್ನೊಂದು ವಿಷಯ: ಕೇಳುವವರಿಗಿಂತ ಮಾತಾಡುವವರೇ ಜಾಸ್ತಿ ನಗುತ್ತಾರೆ. ಶಿವಮೊಗ್ಗದ ಗಾಂಧಿ ಬಜಾರಿನ ಯಾವುದಾದರೂ ಅಂಗಡಿ ಮುಂದೆ ಐದು ನಿಮಿಷ ನಿಂತರೆ ಇದು ನಿಮಗೇ ಗೊತ್ತಾಗುತ್ತದೆ. ಬೆಲೆ ಕೇಳಿ ನಗುತ್ತಾರೆ, ಚಿಲ್ಲರೆ ಇಲ್ಲ ಅಂತ ನಗುತ್ತಾರೆ, ಹೋಗಿ ಬರುತ್ತೇನೆ ಅಂತ ನಗುತ್ತಾರೆ. "ನಿನ್ನ ಜೊತೆ ನನಗೆ ಜಗಳ ಇಲ್ಲ, ನಾವು ಚೆನ್ನಾಗಿದ್ದೇವೆ" ಎಂದು ಬಾಯಿ ಬಿಟ್ಟು ಹೇಳದೆ ಹೇಳುವ ರೀತಿ ಅದು.

ಈ ಪಟ್ಟಿ ಯಾಕೆ ಬೇಕು ಅಂದರೆ, ನಿಮ್ಮ ನಗು ಯಾರ ಹತ್ತಿರ ಇದೆ ಅನ್ನುವುದು ಅದರಿಂದ ತಿಳಿಯುತ್ತದೆ. ಎರಡು ಮೂರು ಹೆಸರುಗಳು ಮತ್ತೆ ಮತ್ತೆ ಬರುತ್ತವೆ. ಹಾಲು ತರುವವರು ಇರಬಹುದು, ತೋಟದ ಕೆಲಸಕ್ಕೆ ಬರುವವರು ಇರಬಹುದು, ಮೂರು ತಿಂಗಳಿಗೊಮ್ಮೆ ಫೋನ್ ಮಾಡುವ ಚಿಕ್ಕಮ್ಮ ಇರಬಹುದು. ಆ ಹೆಸರುಗಳಿಗೆ ಅಡಿಗೆರೆ ಹಾಕಿ. ಮುಂದಿನ ಹೆಜ್ಜೆಗೆ ಅವರು ಬೇಕು.

ಎರಡನೆಯ ಹೆಜ್ಜೆ: ಕೈಗೆ ಕೆಲಸ ಕೊಟ್ಟು ಜನ ಸೇರಿಸಿ

ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ ಇದು. ಉಳಿದದ್ದೆಲ್ಲ ಬಿಟ್ಟರೂ ಇದನ್ನು ಬಿಡಬೇಡಿ.

ಅಡಿಕೆ ಸುಲಿತ ನೋಡಿದವರಿಗೆ ಬೇಗ ಅರ್ಥವಾಗುತ್ತದೆ. ಕೊನೆಕೊಯ್ಲು ಮುಗಿದು ಅಡಿಕೆ ಅಂಗಳಕ್ಕೆ ಬಂದ ಮೇಲೆ, ನವೆಂಬರ್, ಡಿಸೆಂಬರ್, ಜನವರಿಯ ಚಳಿಯಲ್ಲಿ, ಸಂಜೆಯಾದರೆ ಮೆಟ್ಟುಗತ್ತಿ ಇಟ್ಟುಕೊಂಡು ಹತ್ತಾರು ಜನ ಸುತ್ತ ಕೂರುತ್ತಿದ್ದರು. ಒಂದು ಕಡೆ ಹಂಡೆಯಲ್ಲಿ ಅಡಿಕೆ ಬೇಯುತ್ತಿರುತ್ತದೆ, ಚೊಗರಿನ ವಾಸನೆ, ಇನ್ನೊಂದು ಕಡೆ ಕಾಫಿ. ರಾತ್ರಿ ಹತ್ತು ಹನ್ನೊಂದರವರೆಗೆ ಸುಲಿತ. ಅಲ್ಲಿ ಯಾರೂ ನಗಿಸಬೇಕು ಅಂತ ಬಂದವರಲ್ಲ, ಬಂದದ್ದು ದುಡಿಮೆಗೆ. ಆದರೂ ಇಡೀ ವರ್ಷದ ನಗುವಿನಲ್ಲಿ ಅರ್ಧ ಅಲ್ಲೇ ಆಗುತ್ತಿತ್ತು ಅಂತ ಹಳಬರು ಹೇಳುತ್ತಾರೆ, ನಾನು ಅದನ್ನು ಪೂರ್ತಿ ನಂಬುತ್ತೇನೆ.

ಯಾಕೆ ಅಲ್ಲಿ ನಗು ಬರುತ್ತಿತ್ತು? ಕಣ್ಣು ಕೈಯ ಮೇಲೆ ಇರುವುದರಿಂದ ಒಬ್ಬರನ್ನೊಬ್ಬರು ನೋಡುತ್ತಲೇ ಇರಬೇಕಾದ ಕಷ್ಟ ಇಲ್ಲ. ಮಾತು ನಿಂತರೆ ಮುಜುಗರ ಇಲ್ಲ, ಕತ್ತಿಯ ಸದ್ದು ಇದ್ದೇ ಇದೆ. ಅಜ್ಜಿಯೂ ಇದ್ದಾರೆ, ಕಾಲೇಜಿಗೆ ಹೋಗುವ ಹುಡುಗಿಯೂ ಇದ್ದಾಳೆ, ಒಬ್ಬರ ಮಾತು ಇನ್ನೊಬ್ಬರಿಗೆ ಹೊಸದು. ಮತ್ತೆ ಸಮಯ. ಎರಡು ಮೂರು ಗಂಟೆ ಯಾರೂ ಏಳುವ ಹಾಗಿಲ್ಲ. ನಗು ಬರುವುದಕ್ಕೆ ಮೊದಲು ಬಹಳಷ್ಟು ಸಪ್ಪೆ ಮಾತು ಆಗಬೇಕಾಗುತ್ತದೆ, ಆ ಸಪ್ಪೆ ಮಾತಿಗೆ ಅಲ್ಲಿ ಜಾಗ ಇತ್ತು. ಈಗಿನ ನಮ್ಮ ಭೇಟಿಗಳಲ್ಲಿ ಅದಕ್ಕೆ ಜಾಗವೇ ಇಲ್ಲ. ಬಂದರು, ಕಾಫಿ ಕುಡಿದರು, ಬಸ್ಸಿಗೆ ಹೊತ್ತಾಯಿತು ಅಂತ ಎದ್ದರು.

ಈಗ ಬಹಳ ಕಡೆ ಸುಲಿಯುವ ಯಂತ್ರ ಬಂದಿದೆ. ಒಳ್ಳೆಯದೇ ಆಯಿತು, ಕೈ ಬೆರಳು ಕಪ್ಪಾಗಿ ಬೆನ್ನು ಬಾಗುವ ಕೆಲಸ ಅದು. ಆದರೆ ಯಂತ್ರ ಬಂದಾಗ ಕೂರುವ ನೆಪ ಹೋಯಿತು. ಆ ನೆಪವನ್ನು ನಾವೇ ಬೇರೆ ಕಡೆ ಹುಡುಕಿಕೊಳ್ಳಬೇಕು. ಹೀಗೆ ಮಾಡಬಹುದು:

ಕೈಯಲ್ಲಿ ಮಾಡುವ, ಬುದ್ಧಿ ಜಾಸ್ತಿ ಬೇಡದ, ಒಂದೂವರೆ ಗಂಟೆಯಾದರೂ ಹಿಡಿಯುವ ಕೆಲಸ ಆರಿಸಿ. ಬೇಸಿಗೆಯಲ್ಲಾದರೆ ಹಲಸಿನಕಾಯಿ ಹಪ್ಪಳಕ್ಕಿಂತ ಒಳ್ಳೆಯದು ಯಾವುದೂ ಇಲ್ಲ. ಸೊಳೆ ಬಿಡಿಸುವವರು, ರುಬ್ಬುವವರು, ಒತ್ತುವವರು, ಒಣಗಲು ಹರವುವವರು, ಎಲ್ಲರಿಗೂ ಒಂದೊಂದು ಪಾಲು ಇರುತ್ತದೆ. ಅದಕ್ಕೂ ಮೊದಲು ಅಪ್ಪೆಮಿಡಿ ಉಪ್ಪಿಗೆ ಹಾಕುವ ದಿನ ಇದೆ. ಮಳೆಗಾಲದಲ್ಲಿ ಹಲಸಿನ ಬೀಜದ ಸಿಪ್ಪೆ ತೆಗೆಯುವುದು, ಕೆಸುವಿನ ಸೊಪ್ಪಿನ ಪತ್ರೊಡೆ ಸುತ್ತುವುದು. ಪೇಟೆಯ ಮನೆಯಲ್ಲಿ ಇದೇನೂ ಇಲ್ಲದಿದ್ದರೆ ಭಾನುವಾರ ಅವರೆಕಾಳು ಚಿಲಕಿಸಲು ಕೂರಿ, ಸಾಕು.

ಕರೆಯುವಾಗ "ಸುಮ್ನೆ ಬನ್ನಿ" ಅನ್ನಬೇಡಿ. ಸುಮ್ನೆ ಬರಲು ಜನಕ್ಕೆ ಸಂಕೋಚ. "ಹಪ್ಪಳಕ್ಕೆ ಕೈ ಬೇಕಿತ್ತು" ಅನ್ನಿ. ಬಂದೇ ಬರುತ್ತಾರೆ. ಅಡಿಗೆರೆ ಹಾಕಿದ ಹೆಸರುಗಳನ್ನು ಮೊದಲು ಕರೆಯಿರಿ. ಟಿವಿ ಆರಿಸಿ. ಫೋನುಗಳ ಬಗ್ಗೆ ಭಾಷಣ ಮಾಡಬೇಡಿ, ಕೈಗೆ ಹಿಟ್ಟು ಮೆತ್ತಿದರೆ ಫೋನು ತಾನಾಗಿ ದೂರ ಹೋಗುತ್ತದೆ. ಗಂಡಸರನ್ನೂ ಕೂರಿಸಿ, ದಯವಿಟ್ಟು. ಕಾಫಿಗಾಗಿ ಜಗಲಿಯಲ್ಲಿ ಕಾದು ಕೂತವರಿಗೆ ಒಳಗಿನ ನಗುವಿನಲ್ಲಿ ಪಾಲು ಸಿಗುವುದಿಲ್ಲ.

ಮೂರನೆಯ ಹೆಜ್ಜೆ: ಸುತ್ತು ಚಿಕ್ಕದಾಗಿರಲಿ

ಇದು ಸಣ್ಣ ವಿಷಯ, ಬೇಗ ಹೇಳಿ ಮುಗಿಸುತ್ತೇನೆ. ಇಂಗ್ಲೆಂಡಿನ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ವಿಜ್ಞಾನಿ ರಾಬಿನ್ ಡನ್‌ಬಾರ್ ಮತ್ತು ಅವರ ಜೊತೆಗಾರರು ಜನ ಸೇರುವ ಜಾಗಗಳಲ್ಲಿ ನೋಡಿದಾಗ, ದೊಡ್ಡ ಗುಂಪಿದ್ದರೂ ಒಟ್ಟಿಗೆ ನಗುವವರು ಒಂದು ಸಲಕ್ಕೆ ಸುಮಾರು 3 ಜನ ಮಾತ್ರ ಇರುತ್ತಿದ್ದರು. ಗೃಹಪ್ರವೇಶಕ್ಕೋ ಸತ್ಯನಾರಾಯಣ ಪೂಜೆಗೋ ಜನ ಕರೆದಾಗ ಕುರ್ಚಿಗಳನ್ನು ಗೋಡೆಗೆ ಸಾಲಾಗಿ ಹಾಕಿದರೆ ಎಲ್ಲರೂ ಫ್ಯಾನು ನೋಡುತ್ತಾ ಕೂರುತ್ತಾರೆ. ಮೂರು ನಾಲ್ಕು ಕುರ್ಚಿ ಎದುರುಬದುರು ಹಾಕಿ. ಕಿವಿ ಮಂದವಾದ ಹಿರಿಯರನ್ನು ಮೂಲೆಯಲ್ಲಿ ಕೂರಿಸಬೇಡಿ, ಮಾತಾಡುವವರ ಮುಖ ಕಾಣುವ ಹಾಗೆ ಮಧ್ಯದಲ್ಲಿ ಕೂರಿಸಿ. ಎಲ್ಲರೂ ನಕ್ಕು ಮುಗಿಸಿದ ಮೇಲೆ "ಏನಂತೆ?" ಎಂದು ಕೇಳುವ ಸ್ಥಿತಿ ಬಹಳ ಒಂಟಿತನದ್ದು. ಅವರಿಗೆ ಇನ್ನೊಮ್ಮೆ ಹೇಳಿ, ಪೂರ್ತಿ ಹೇಳಿ, "ಏನಿಲ್ಲ ಬಿಡಿ" ಅನ್ನಬೇಡಿ.

ನಾಲ್ಕನೆಯ ಹೆಜ್ಜೆ: ಮೈ ಏನು ಮಾಡುತ್ತದೆ ಅಂತ ತಿಳಿದುಕೊಳ್ಳಿ

ಇಷ್ಟೆಲ್ಲ ಯಾಕೆ ಮಾಡಬೇಕು ಅಂತ ಮನೆಯಲ್ಲಿ ಯಾರಾದರೂ ಕೇಳಿದರೆ ಹೇಳಲು ಇದು ಬೇಕಾಗುತ್ತದೆ.

ನಗು ಅಂದರೆ ಮುಖ್ಯವಾಗಿ ಉಸಿರು ಹೊರಹಾಕುವುದು. ಎದೆ ಮತ್ತು ಹೊಟ್ಟೆಯ ಸ್ನಾಯುಗಳು ತಡೆತಡೆದು ಗಾಳಿಯನ್ನು ಹೊರಗೆ ದೂಡುತ್ತವೆ. ಒಂದೊಂದು "ಹ" ಒಂದು ಸೆಕೆಂಡಿನ ಹದಿಮೂರನೇ ಒಂದು ಭಾಗದಷ್ಟು ಚಿಕ್ಕದು, ಸೆಕೆಂಡಿಗೆ ಸುಮಾರು ಐದರಂತೆ ಬರುತ್ತವೆ. ಜೋರಾಗಿ ನಕ್ಕಾಗ ಮಾತು ಹೊರಡದೆ ಇರುವುದು, ಪಕ್ಕೆ ಹಿಡಿದುಕೊಳ್ಳುವುದು ಅದಕ್ಕೇ. ಈ ಸ್ನಾಯುಗಳ ದುಡಿತದಿಂದ ಮಿದುಳಿನಲ್ಲಿ ನೋವು ತಗ್ಗಿಸುವ ಎಂಡಾರ್ಫಿನ್ ಅನ್ನುವ ರಾಸಾಯನಿಕ ಬಿಡುಗಡೆಯಾಗುತ್ತದೆ ಅನ್ನುವುದು ಡನ್‌ಬಾರ್ ಅವರ ವಾದ. 2012ರಲ್ಲಿ ಅವರ ತಂಡ ಪ್ರಕಟಿಸಿದ ಪ್ರಯೋಗಗಳಲ್ಲಿ, ಗುಂಪಿನಲ್ಲಿ ಕೂತು ಹಾಸ್ಯದ ದೃಶ್ಯ ನೋಡಿ ಚೆನ್ನಾಗಿ ನಕ್ಕವರು ನಂತರ ನೋವನ್ನು ಜಾಸ್ತಿ ತಡೆದುಕೊಂಡರು. 2017ರಲ್ಲಿ ಫಿನ್‌ಲೆಂಡಿನ ತುರ್ಕು ನಗರದ ಸಂಶೋಧಕರು, ಗೆಳೆಯರ ಜೊತೆ ಕೂತು ನಕ್ಕವರ ಮಿದುಳನ್ನು ಸ್ಕ್ಯಾನ್ ಮಾಡಿ, ನೋವು ತಗ್ಗಿಸುವ ಅದೇ ಜಾತಿಯ ರಾಸಾಯನಿಕಗಳು ನಿಜಕ್ಕೂ ಬಿಡುಗಡೆಯಾಗುವುದನ್ನು ಕಂಡರು. ಒಟ್ಟಿಗೆ ನಕ್ಕವರ ಮೇಲೆ ಒಂದು ಸಲುಗೆ ಹುಟ್ಟುತ್ತದಲ್ಲ, ಅದರ ಬೇರು ಇಲ್ಲಿದೆ.

ಹಾಗಂತ ನಗು ಔಷಧಿ ಅಲ್ಲ. "ನಕ್ಕರೆ ಶುಗರ್ ಹೋಗುತ್ತದೆ, ಬಿಪಿ ಮಾತ್ರೆ ಬೇಡ" ಅಂತ ಬರುವ ಸಂದೇಶಗಳನ್ನು ನಂಬಿ ಮಾತ್ರೆ ಬಿಟ್ಟರೆ ಅಪಾಯ. ಮಾತ್ರೆ ತೆಗೆದುಕೊಳ್ಳಿ, ನಗುವುದನ್ನೂ ಮಾಡಿ.

ಇನ್ನೊಂದು ಉಪಯೋಗದ ಸಂಗತಿ. ಫ್ರಾನ್ಸಿನ ವೈದ್ಯ ಡುಶೆನ್ 1862ರಲ್ಲೇ ಗುರುತಿಸಿದ್ದರು: ಬಾಯಿ ನಗುವುದನ್ನು ನಾವು ಬೇಕಂತ ಮಾಡಬಹುದು, ಕಣ್ಣಿನ ಸುತ್ತಲಿನ ಸ್ನಾಯು ಮಾತ್ರ ಹೆಚ್ಚಾಗಿ ಮನಸ್ಸಿನಿಂದ ಬಂದ ನಗುವಿಗೇ ಸುಕ್ಕಾಗುತ್ತದೆ. ಅಮ್ಮ ಚೆನ್ನಾಗಿದ್ದಾರೋ ಇಲ್ಲವೋ ತಿಳಿಯಬೇಕಾದರೆ ಬಾಯಿ ನೋಡಬೇಡಿ, ಕಣ್ಣಿನ ಅಂಚು ನೋಡಿ. ಆದರೆ ಬರೀ ಬಾಯಿಯ ನಗುವನ್ನು ಸುಳ್ಳು ಅಂತ ತಳ್ಳಿಬಿಡಬೇಡಿ. ಅದು ಮರ್ಯಾದೆಯ ನಗು, ಎದುರಿನವರಿಗೆ ಕೊಡುವ ಬೆಲೆ. ಅದೂ ಬೇಕು.

ಐದನೆಯ ಹೆಜ್ಜೆ: ದೂರದಲ್ಲಿರುವ ಮಕ್ಕಳು, ಮತ್ತು ಫೋನು

"ಊಟ ಆಯ್ತಾ?" "ಆಯ್ತು." "ಮಳೆ ಹೇಗಿದೆ?" "ಬರ್ತಾ ಇದೆ." "ಸರಿ ಇಡ್ಲಾ?" ಬೆಂಗಳೂರು ಮತ್ತು ಮಲೆನಾಡಿನ ನಡುವೆ ದಿನಾ ಸಾವಿರಾರು ಸಲ ನಡೆಯುವ ಮಾತು ಇದು. ಪ್ರೀತಿ ಇದೆ, ನಗು ಇಲ್ಲ.

ಮಕ್ಕಳಿಗೆ ನನ್ನ ಸಲಹೆ: ಫೋನ್ ಮಾಡುವ ಮೊದಲು ಆ ದಿನದ ಒಂದು ಸಣ್ಣ ಘಟನೆ ಆರಿಸಿಕೊಳ್ಳಿ. ದೊಡ್ಡದಿರಬೇಕಾಗಿಲ್ಲ. ಬಸ್ಸಿನಲ್ಲಿ ಕಂಡಕ್ಟರ್ ಹೇಳಿದ ಮಾತು, ಮಾಡಿದ ಸಾರು ಉಪ್ಪಾದದ್ದು. ಮಾತಾಡುವವರೇ ಜಾಸ್ತಿ ನಗುತ್ತಾರೆ ಅಂದೆನಲ್ಲ, ಹಾಗಾಗಿ ನೀವು ಹೇಳಿ ಮುಗಿಸಿದ ಮೇಲೆ ಅವರಿಗೆ ಹೇಳಲು ಬಿಡಿ. "ಆ ಮಂಗನ ಕಥೆ ಏನಾಯ್ತು?" ಅಂತ ಕೇಳಿ. ತೋಟಕ್ಕೆ ಬರುವ ಮಂಗಗಳ ಬಗ್ಗೆ ಮಾತು ಶುರುವಾದರೆ ಮಲೆನಾಡಿನಲ್ಲಿ ಯಾರೂ ಬೇಗ ನಿಲ್ಲಿಸುವುದಿಲ್ಲ. ಬೆಳೆ ಹಾಳಾದ ನೋವು ಅದರಲ್ಲಿ ಇದ್ದೇ ಇರುತ್ತದೆ, ಆ ನೋವು ಹೇಳುತ್ತಾ ಹೇಳುತ್ತಾ ನಗುವೂ ಬರುತ್ತದೆ.

ನಗುವಿಗೆ ತಾಳ ಬೇಕು. ಇವರು ನಕ್ಕದ್ದು ಅವರಿಗೆ ಎರಡು ಸೆಕೆಂಡು ತಡವಾಗಿ ಕೇಳಿದರೆ ನಗು ಅಲ್ಲೇ ಸತ್ತುಹೋಗುತ್ತದೆ. ಹೊಸನಗರ, ಆಗುಂಬೆ ಕಡೆಯ ಎಷ್ಟೋ ಊರುಗಳಲ್ಲಿ ಮಳೆಗಾಲದಲ್ಲಿ ವಿಡಿಯೋ ಕರೆ ನಿಂತು ನಿಂತು ಬರುತ್ತದೆ, ಮುಖ ಹೆಪ್ಪುಗಟ್ಟುತ್ತದೆ. ಅಂಥ ಕಡೆ ವಿಡಿಯೋ ಬಿಡಿ. ಸಾದಾ ಕರೆಯೇ ಚೆನ್ನ. ಸಿಗ್ನಲ್ ಚೆನ್ನಾಗಿರುವ ಕಡೆ ಬೇರೆ ರೀತಿ ಮಾಡಿ: ದೋಸೆ ಹೊಯ್ಯುವಾಗ, ಬಟ್ಟೆ ಮಡಿಸುವಾಗ ಫೋನನ್ನು ಪಕ್ಕದಲ್ಲಿ ನಿಲ್ಲಿಸಿ ಸುಮ್ನೆ ಬಿಟ್ಟುಬಿಡಿ. ಮಾತಾಡಲೇಬೇಕು ಅಂತಿಲ್ಲ. ಅಡಿಕೆ ಸುಲಿತದಲ್ಲಿ ಇದ್ದ ಆ ಸಪ್ಪೆ ಸಮಯ ಫೋನಿಗೂ ಬೇಕು.

ಮನೆಯ ಗ್ರೂಪಿಗೆ ಜೋಕು ಫಾರ್ವರ್ಡ್ ಮಾಡಿದರೆ ಸಾಲದು. ಹಳದಿ ಮುಖದ ಚಿತ್ರ ಕಳಿಸುವಾಗ ಬಹಳ ಸಲ ಯಾರೂ ನಕ್ಕಿರುವುದಿಲ್ಲ.

ಆರನೆಯ ಹೆಜ್ಜೆ: ಛೇಡಿಸುವುದಕ್ಕೆ ಗಡಿ ಹಾಕಿ

ಜನ ಸೇರಿದರು, ಸಲುಗೆ ಬಂತು, ನಗು ಬಂತು. ಇನ್ನು ಜಾಗ್ರತೆ ಬೇಕಾದ ಜಾಗ.

ನಮ್ಮ ಹಿರಿಯರಿಗೆ ಛೇಡಿಸುವುದಕ್ಕೆ ಒಳ್ಳೆಯ ಪದ್ಧತಿಗಳು ಇದ್ದವು. ಮದುವೆಯಲ್ಲಿ ಬೀಗರ ಹಾಡು ಇದೆಯಲ್ಲ, ಹೆಣ್ಣಿನ ಕಡೆಯವರು ಗಂಡಿನ ಕಡೆಯವರ ಜಿಪುಣತನ, ಹೊಟ್ಟೆಬಾಕತನ ಎಲ್ಲ ಎತ್ತಿ ಹಾಡುತ್ತಾರೆ, ಆಮೇಲೆ ಅವರೂ ತಿರುಗಿಸಿ ಹಾಡುತ್ತಾರೆ. ಅದಕ್ಕೊಂದು ಹೊತ್ತು ಇದೆ, ಎರಡು ಕಡೆಗೂ ಸರದಿ ಇದೆ, ಊಟಕ್ಕೆ ಕೂರುವ ಹೊತ್ತಿಗೆ ಮುಗಿಯುತ್ತದೆ. ದೀಪಾವಳಿಯ ಬೂರೆ ರಾತ್ರಿ ಹುಡುಗರು ಹಿತ್ತಲಿನ ಸೌತೆಕಾಯಿ, ಎಳನೀರು ಕದ್ದರೂ ಅದಕ್ಕೆ ಜಗಳ ಮಾಡುವ ಹಾಗಿಲ್ಲ, ಯಾಕೆಂದರೆ ಆ ಒಂದು ರಾತ್ರಿಗೆ ಮಾತ್ರ ಅನುಮತಿ. ಯಕ್ಷಗಾನದ ಹಾಸ್ಯಗಾರ ದೂತನಾಗಿ, ಬಾಗಿಲು ಕಾಯುವವನಾಗಿ ಬಂದು ರಾಜನನ್ನೇ ಕೆಣಕುತ್ತಾನೆ. ಕೆಳಗಿನವನು ಮೇಲಿನವನನ್ನು ನಗುತ್ತಾ ಪ್ರಶ್ನೆ ಮಾಡುತ್ತಾನೆ. ಇದರ ದಿಕ್ಕು ಗಮನಿಸಿ.

ಮನೆಯಲ್ಲಿ ಈ ದಿಕ್ಕು ತಿರುಗಿದಾಗ ನೋವಾಗುತ್ತದೆ. ದೊಡ್ಡವರೆಲ್ಲ ಸೇರಿ ಒಂದು ಮಗುವಿನ ಬಣ್ಣಕ್ಕೆ, ದಪ್ಪಕ್ಕೆ, ತೊದಲಿಗೆ ನಗುವುದು. ಹೊಸದಾಗಿ ಬಂದ ಸೊಸೆಯ ಅಡುಗೆಗೆ, ಅವಳ ಊರಿನ ಮಾತಿಗೆ ನಗುವುದು. ಮದುವೆಯಾಗದವರಿಗೆ, ಮಕ್ಕಳಾಗದವರಿಗೆ, ಕೆಲಸ ಸಿಗದವರಿಗೆ ನಗುವುದು. ಜಾತಿ ಹಿಡಿದು ನಗುವುದು, ಅದೂ ಕೆಲಸಕ್ಕೆ ಬಂದವರ ಎದುರಿಗೇ. ಇವನ್ನು ತಮಾಷೆ ಅನ್ನಲು ನನ್ನಿಂದ ಆಗುವುದಿಲ್ಲ. "ತಮಾಷೆಗೆ ಹೇಳಿದ್ದಪ್ಪ" ಅಂದ ಮಾತ್ರಕ್ಕೆ ಗಾಯ ಮಾಯುವುದಿಲ್ಲ. ಚಿಕ್ಕಂದಿನಲ್ಲಿ ಹೀಗೆ ನಗೆಪಾಟಲಾದ ಎಷ್ಟೋ ಜನ ದೊಡ್ಡವರಾದ ಮೇಲೂ, ದೂರದಲ್ಲಿ ಯಾರಾದರೂ ನಕ್ಕರೆ ತಮ್ಮನ್ನೇ ನೋಡಿ ನಕ್ಕರು ಅಂತ ಹೆದರುತ್ತಾರೆ.

ಪರೀಕ್ಷೆ ಸುಲಭ. ಯಾರ ಬಗ್ಗೆ ನಗು ಎದ್ದಿತೋ ಅವರ ಮುಖ ನೋಡಿ. ಅವರೂ ನಕ್ಕು, ಅದಕ್ಕೆ ತಮ್ಮದೊಂದು ಮಾತು ಸೇರಿಸಿದರೆ ಸರಿ ಇದೆ. ಬಾಯಿ ನಕ್ಕು ಕಣ್ಣು ಕೆಳಗೆ ಹೋದರೆ ಅಲ್ಲೇ ನಿಲ್ಲಿಸಿ, ಮಾತು ಬೇರೆ ಕಡೆ ತಿರುಗಿಸಿ. ಬೇರೆಯವರು ನಿಲ್ಲಿಸದಿದ್ದರೆ ನೀವು ನಗಬೇಡಿ. ಗುಂಪಿನಲ್ಲಿ ಒಬ್ಬರು ನಗದೆ ಇದ್ದರೂ ಹೇಳಿದವರಿಗೆ ತಟ್ಟುತ್ತದೆ.

ಭರತನ ನಾಟ್ಯಶಾಸ್ತ್ರದಲ್ಲಿ ನಗುವನ್ನು ಆರು ಬಗೆಯಾಗಿ ಹೇಳಿದ್ದಾರೆ: ಸ್ಮಿತ, ಹಸಿತ, ವಿಹಸಿತ, ಉಪಹಸಿತ, ಅಪಹಸಿತ, ಅತಿಹಸಿತ. ಹಲ್ಲು ಕಾಣದ ಮುಗುಳುನಗೆಯಿಂದ ಶುರುವಾಗಿ ಪಕ್ಕೆ ಹಿಡಿದುಕೊಂಡು ಅಬ್ಬರಿಸುವವರೆಗೆ. ಹೊತ್ತಲ್ಲದ ಹೊತ್ತಿನಲ್ಲಿ ನಗುವುದು ಅಪಹಸಿತದಲ್ಲಿ ಬರುತ್ತದೆ. ಜೋರಾದ ನಗುವನ್ನು ಅಲ್ಲಿ ಕೆಳಗಿನ ದರ್ಜೆಗೆ ಹಾಕಿದ್ದಾರೆ, ಅದನ್ನು ಮಾತ್ರ ನಾನು ಒಪ್ಪುವುದಿಲ್ಲ. ಹೆಣ್ಣುಮಕ್ಕಳಿಗೆ "ಹಾಗೆ ಗಟ್ಟಿಯಾಗಿ ನಗಬೇಡ" ಅಂತ ಹೇಳಿ ಹೇಳಿ ಎಷ್ಟು ನಗು ಒಳಗೇ ಉಳಿಸಿದ್ದೇವೋ ಏನೋ. ನಿಮ್ಮ ಮನೆಯಲ್ಲಿ ಆ ಮಾತು ಇದ್ದರೆ ಇವತ್ತಿಗೇ ನಿಲ್ಲಿಸಿ.

ಏಳನೆಯ ಹೆಜ್ಜೆ: ಸಾವಿನ ಮನೆಯ ನಗು, ಬೈಸಿಕೊಳ್ಳುವಾಗಿನ ನಗು

ನಗು ಯಾವಾಗಲೂ ಸಂತೋಷದ್ದೇ ಅಲ್ಲ. ಬೈಯುವಾಗ ಮಗು ಕಿಸಕ್ಕಂತ ನಗುತ್ತದೆ, ನಮಗೆ ಇನ್ನೂ ಸಿಟ್ಟು ಬರುತ್ತದೆ, ಅಲ್ವಾ? ಅದು ಬಹಳ ಸಲ ಸೊಕ್ಕಲ್ಲ, ಹೆದರಿಕೆ. 1962ರ ಜನವರಿಯಲ್ಲಿ, ಈಗ ತಾಂಜಾನಿಯ ಅನ್ನುವ ದೇಶದ ಕಶಾಶಾ ಅನ್ನುವ ಊರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಮೂವರು ಹುಡುಗಿಯರಿಗೆ ಶುರುವಾದ ನಗು 159 ಮಕ್ಕಳಲ್ಲಿ 95 ಮಕ್ಕಳಿಗೆ ಹಬ್ಬಿತು. ನಗು, ಅಳು, ಚಡಪಡಿಕೆ ಎಲ್ಲ ಸೇರಿತ್ತು. ಮಾರ್ಚ್‌ನಲ್ಲಿ ಶಾಲೆಯನ್ನೇ ಮುಚ್ಚಬೇಕಾಯಿತು. ಮಕ್ಕಳ ಮೇಲಿದ್ದ ಒತ್ತಡ ಹೀಗೆ ಹೊರಬಿತ್ತು ಎಂದು ನಂತರ ಅಧ್ಯಯನ ಮಾಡಿದವರು ಹೇಳುತ್ತಾರೆ. ಹಾಗಾಗಿ ಮಗು ನಕ್ಕರೆ ದನಿ ತಗ್ಗಿಸಿ, ಸ್ವಲ್ಪ ಹೊತ್ತು ಬಿಟ್ಟು ಮಾತಾಡಿ. ಹೊಡೆಯಬೇಡಿ.

ಸಾವಾದ ಮನೆಯಲ್ಲಿ ಹತ್ತನೆಯ ದಿನವೋ ಹದಿಮೂರನೆಯ ದಿನವೋ ನೆಂಟರೆಲ್ಲ ಕೂತಿರುವಾಗ ಯಾರೋ ಒಬ್ಬರು ಹೋದವರ ಹಳೆಯ ಕಥೆ ತೆಗೆಯುತ್ತಾರೆ. ಕಂಬಳಿಕೊಪ್ಪೆ ಹಾಕಿಕೊಂಡು ಹೋಗಿ ಯಾರದೋ ಗದ್ದೆಗೆ ನೀರು ತಿರುಗಿಸಿದ್ದು, ಜಾತ್ರೆಯಲ್ಲಿ ಹೆಂಡತಿ ಅಂತ ಬೇರೆ ಯಾರನ್ನೋ ಕರೆದದ್ದು. ಮೊದಲು ಒಬ್ಬರು ನಗುತ್ತಾರೆ, ಆಮೇಲೆ ಎಲ್ಲರೂ, ಕೊನೆಗೆ ಹೆಂಡತಿಯೂ. ಕೂಡಲೇ ಯಾರೋ "ಶ್ಶ್" ಅನ್ನುತ್ತಾರೆ. ಅನ್ನಬೇಡಿ. 1997ರಲ್ಲಿ ಅಮೆರಿಕದ ಮನಃಶಾಸ್ತ್ರಜ್ಞರಾದ ಡಾಕರ್ ಕೆಲ್ಟ್ನರ್ ಮತ್ತು ಜಾರ್ಜ್ ಬೊನಾನೊ ಪ್ರಕಟಿಸಿದ ಅಧ್ಯಯನದಲ್ಲಿ, ಸಂಗಾತಿಯನ್ನು ಕಳೆದುಕೊಂಡು ಆರು ತಿಂಗಳಾದವರನ್ನು ಮಾತಾಡಿಸಿದ್ದರು. ಹೋದವರ ಬಗ್ಗೆ ಹೇಳುವಾಗ ಕಣ್ಣಿಂದ ನಕ್ಕವರಲ್ಲಿ ಸಂಕಟ ಕಡಿಮೆ ಇತ್ತು, ಬೇರೆಯವರ ಜೊತೆ ಅವರ ಸಂಬಂಧವೂ ಚೆನ್ನಾಗಿತ್ತು.

ಮಾತಾಡಿಸಲು ಹೋದಾಗ "ಧೈರ್ಯ ತಗೊಳ್ಳಿ" ಅಂತ ಹೇಳಿ ಎದ್ದು ಬರುವ ಬದಲು, ಹೋದವರ ಬಗ್ಗೆ ನಿಮಗೆ ಗೊತ್ತಿರುವ ಒಂದು ನಿಜವಾದ ಕಥೆ ಹೇಳಿ. ಅವರಿಗೆ ಗೊತ್ತಿಲ್ಲದ ಕಥೆಯಾದರೆ ಇನ್ನೂ ಒಳ್ಳೆಯದು. ಅವರು ನಗಬಹುದು, ಅಳಬಹುದು. ಎರಡಕ್ಕೂ ಕೂತಿರಿ.

ಇಷ್ಟಾದರೂ ನಗು ಬರದಿದ್ದರೆ

ಎರಡು ವಾರಕ್ಕಿಂತ ಜಾಸ್ತಿ ಕಾಲ ಯಾವುದರಲ್ಲೂ ಆಸಕ್ತಿ ಇಲ್ಲ, ಇಷ್ಟದ ಜನ ಬಂದರೂ ಮುಖ ಅರಳುವುದಿಲ್ಲ, ನಿದ್ದೆ ಊಟ ಕೆಟ್ಟಿದೆ ಅಂದರೆ ಅದು ಖಿನ್ನತೆ ಇರಬಹುದು. ಅಂಥವರನ್ನು "ಸ್ವಲ್ಪ ನಗಬಾರದಾ" ಅಂತ ಕೇಳುವುದು ಕ್ರೌರ್ಯ. ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಇಲ್ಲ, ಯಾವ ಹೊತ್ತಿಗಾದರೂ ಸರಿ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಮನೋವೈದ್ಯರ ವಿಭಾಗ ಇದೆ.

ಇದರ ಉಲ್ಟಾ ಕೂಡ ಇದೆ. ಲಕ್ವ ಹೊಡೆದ ಮೇಲೆ ಕೆಲವರಿಗೆ ಕಾರಣ ಇಲ್ಲದೆ ತಡೆಯಲಾಗದ ನಗುವೋ ಅಳುವೋ ಬರುತ್ತದೆ. ಅದು ಮಿದುಳಿನ ತೊಂದರೆ, ಚಿಕಿತ್ಸೆ ಇದೆ, ಬೈಯಬೇಡಿ. ಚಿಕ್ಕ ಮಗು ಸಂತೋಷವೇ ಇಲ್ಲದೆ, ಕಣ್ಣು ಎಲ್ಲೋ ನೆಟ್ಟು, ಇದ್ದಕ್ಕಿದ್ದಂತೆ ಪದೇ ಪದೇ ನಕ್ಕರೆ ಅದು ಒಂದು ಬಗೆಯ ಮೂರ್ಛೆರೋಗ ಇರಬಹುದು, ನರರೋಗ ವೈದ್ಯರಿಗೆ ತೋರಿಸಿ.

ಕೊನೆಯ ಹೆಜ್ಜೆ: ಊರಿಗೊಂದು ನಗೆಕೂಟ

ಮುಂಬೈನ ವೈದ್ಯ ಮದನ್ ಕಟಾರಿಯಾ 1995ರ ಮಾರ್ಚ್ 13ರಂದು ಒಂದು ಪಾರ್ಕಿನಲ್ಲಿ 5 ಜನರಿಂದ ಶುರು ಮಾಡಿದ ನಗೆಕೂಟ ಈಗ ಎಷ್ಟೋ ದೇಶಗಳಿಗೆ ಹಬ್ಬಿದೆ. ಮೊದಲು ಅವರೂ ಜೋಕು ಹೇಳಿಯೇ ನಗಿಸುತ್ತಿದ್ದರು. ಒಳ್ಳೆಯ ಜೋಕು ಮುಗಿದ ಮೇಲೆ, ಜೋಕಿಲ್ಲದೆ ಬೇಕಂತಲೇ ನಗುವ ರೀತಿಗೆ ಬಂದರು. ಬೇಕಂತ ಶುರು ಮಾಡಿದ ನಗು, ಎದುರಿನವರ ಕಣ್ಣು ನೋಡಿದ ಕೂಡಲೇ ನಿಜವಾಗಿಬಿಡುತ್ತದೆ.

ನಿಮ್ಮ ಊರಿನಲ್ಲಿ ಮಾಡುವುದಾದರೆ ಐದಾರು ಜನ ಸಾಕು. ಶಿವಮೊಗ್ಗ ಪೇಟೆಯಲ್ಲಾದರೆ ಗಾಂಧಿ ಪಾರ್ಕ್ ಇದೆ. ಹಳ್ಳಿಯಲ್ಲಿ ದೇವಸ್ಥಾನದ ಪೌಳಿ, ಶಾಲೆಯ ಜಗಲಿ, ಸಮುದಾಯ ಭವನ, ಎಲ್ಲಿ ಮಳೆ ಹೊಡೆಯುವುದಿಲ್ಲವೋ ಅಲ್ಲಿ. ದುಂಡಗೆ ನಿಲ್ಲಿ. ಮೊದಲು ಚಪ್ಪಾಳೆ ತಟ್ಟುತ್ತಾ "ಹೋ ಹೋ, ಹಾ ಹಾ ಹಾ", ಒಂದೆರಡು ನಿಮಿಷ. ಆಮೇಲೆ ನಿಧಾನಕ್ಕೆ ಉಸಿರು ಎಳೆದು ಬಿಡಿ. ನಂತರ ಒಬ್ಬೊಬ್ಬರ ಹತ್ತಿರ ಹೋಗಿ ನಮಸ್ಕಾರ ಮಾಡಿ, ಕಣ್ಣು ನೋಡಿ ನಗಿ. ನಡುನಡುವೆ ಉಸಿರು. ಹದಿನೈದು ನಿಮಿಷಕ್ಕೆ ನಿಲ್ಲಿಸಿ. ಕೂಡಲೇ ಚದುರಬೇಡಿ, ಕಾಫಿಯೋ ಕಷಾಯವೋ ಇಟ್ಟು ಅರ್ಧ ಗಂಟೆ ಕೂರಿ. ಆ ಅರ್ಧ ಗಂಟೆಯ ನಗುವೇ ನನಗೆ ಜಾಸ್ತಿ ಮುಖ್ಯ ಅನಿಸುತ್ತದೆ.

ಇತ್ತೀಚೆಗೆ ಹೊಟ್ಟೆಯ ಆಪರೇಷನ್ ಆದವರು, ಹರ್ನಿಯಾ ಇರುವವರು, ಹೃದಯದ ತೊಂದರೆ ಇರುವವರು, ತುಂಬು ಗರ್ಭಿಣಿಯರು ಡಾಕ್ಟರನ್ನು ಕೇಳದೆ ಜೋರಾದ ವ್ಯಾಯಾಮದ ನಗು ಮಾಡಬಾರದು. ದಮ್ಮು ಇರುವವರಿಗೆ ಜೋರಾಗಿ ನಕ್ಕರೆ ಕೆಮ್ಮು ಏಳಬಹುದು, ಇನ್‌ಹೇಲರ್ ಹತ್ತಿರ ಇರಲಿ. ವಯಸ್ಸಾದ ಹೆಂಗಸರಲ್ಲಿ ಕೆಲವರು ನಕ್ಕಾಗ ಮೂತ್ರ ಹನಿಯುತ್ತದೆ ಅನ್ನುವ ನಾಚಿಕೆಗೆ ಬರುವುದೇ ಇಲ್ಲ. ಅದಕ್ಕೆ ವ್ಯಾಯಾಮ, ಚಿಕಿತ್ಸೆ ಎರಡೂ ಇದೆ ಅಂತ ಯಾರಾದರೂ ಹೆಂಗಸರೇ ಮೆಲ್ಲಗೆ ಹೇಳಲಿ.

ಶುರು ಮಾಡಲು ದಿನ ಬೇಕೆಂದರೆ ಮೇ ತಿಂಗಳ ಮೊದಲ ಭಾನುವಾರ ವಿಶ್ವ ನಗೆ ದಿನ. ನಮ್ಮ ಕಡೆಗೆ ಅದು ಚೆನ್ನಾಗಿ ಹೊಂದುತ್ತದೆ. ಮಳೆ ಇನ್ನೂ ಹಿಡಿದಿರುವುದಿಲ್ಲ, ಮಕ್ಕಳಿಗೆ ರಜೆ, ಬೆಂಗಳೂರಿನವರೂ ಒಂದೆರಡು ದಿನ ಬಂದಿರುತ್ತಾರೆ, ಹಲಸಿನಕಾಯಿ ಇನ್ನೂ ಹಪ್ಪಳದ ಹದದಲ್ಲಿರುತ್ತದೆ. ಬೆಳಗ್ಗೆ ನಗೆಕೂಟ, ಮುಗಿದ ಕೂಡಲೇ ಅಲ್ಲೇ ಹಪ್ಪಳಕ್ಕೆ ಕೂರಿ. ಹಿಂದಿನ ದಿನವೇ ಒಬ್ಬರು ಜೀಪು ಹೊಂದಿಸಿಕೊಂಡು, ಗುಡ್ಡದ ಆಚೆಯ ಒಂಟಿಮನೆಗಳಿಗೆ ಹೋಗಿ "ಹಪ್ಪಳಕ್ಕೆ ಕೈ ಬೇಕಿತ್ತು, ನಾಳೆ ಎಂಟು ಗಂಟೆಗೆ ಕರೆದುಕೊಂಡು ಹೋಗಲು ಬರುತ್ತೇವೆ" ಅಂತ ಹೇಳಿ ಬರಲಿ.